ಫ್ರೀ ಬಿಲ್ಲಿಗೆ ನೂರು ರೂಪಾಯಿ ಯಾಕೆ?

ಇ-ವೇ ಬಿಲ್ ಮಾಡಲು ಸರ್ಕಾರಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಪೋರ್ಟಲ್‌ಗೆ ಲಾಗಿನ್ ಆಗಿ, ಮಾಲಿನ ವಿವರ, ಇನ್‌ವಾಯ್ಸ್ ಸಂಖ್ಯೆ, ಲಾರಿ ನಂಬರ್ ತುಂಬಿದರೆ 12 ಅಂಕಿಯ ಒಂದು ಸಂಖ್ಯೆ ಬರುತ್ತದೆ. ಅಷ್ಟೇ ಕೆಲಸ. ಆದರೆ ಶಹಾಪುರದ ಹತ್ತಿ ಮಿಲ್ಲುಗಳ ಸುತ್ತಮುತ್ತ, ಯಾದಗಿರಿಯ ಗಂಜ್‌ನಲ್ಲಿ, ಸುರಪುರದ ಆನ್‌ಲೈನ್ ಸೆಂಟರ್‌ಗಳಲ್ಲಿ ಒಮ್ಮೆ ಕೇಳಿ ನೋಡಿ. ನಾನು ಕೇಳಿದಾಗ ಒಂದು ಕಡೆ 50 ರೂಪಾಯಿ, ಇನ್ನೊಂದು ಕಡೆ 100, ರಾತ್ರಿ ಹತ್ತು ಗಂಟೆ ಮೇಲಾದರೆ 200 ಎಂದರು. ಬೋರ್ಡಿನಲ್ಲಿ ದರ ಬರೆದಿಲ್ಲ, ಕೊಟ್ಟ ಹಣಕ್ಕೆ ರಸೀದಿ ಇಲ್ಲ. ಯಾಕೆ ಅಷ್ಟು ಎಂದು ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: 'ಎಲ್ಲಾರೂ ಅಷ್ಟೇ ತಗೋತಾರ್ರೀ'.

ಕಾಲೇಜಿಗೆ ಹೋಗುವ ನಮಗೂ ಲಾರಿಯ ಕಾಗದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗಂತೂ ಸಂಬಂಧ ಇದೆ. ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪನದು ಒಂದೇ ಒಂದು ಹತ್ತು ಗಾಲಿ ಲಾರಿ, ಅದರ ಸಾಲದ ಕಂತು ಇನ್ನೂ ಮುಗಿದಿಲ್ಲ. ರಜೆಗೆ ಊರಿಗೆ ಬಂದಾಗ ಅಪ್ಪನ ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ಡೀಸೆಲ್, ಟೋಲ್, ಭತ್ಯೆ, ಹಮಾಲಿ, ಪಂಕ್ಚರ್ ಎಲ್ಲದರ ಜೊತೆಗೆ ಪ್ರತಿ ಟ್ರಿಪ್ಪಿನಲ್ಲೂ ಒಂದು ಸಾಲು ಇರುತ್ತದೆ, 'ಬಿಲ್ ಖರ್ಚು'. ಮೊತ್ತ ಸಣ್ಣದು. ಆದರೆ ಒಂಟಿ ಲಾರಿಯ ಮನೆ ಇಂಥ ಸಣ್ಣ ಮೊತ್ತಗಳಲ್ಲೇ ಉಳಿಯುತ್ತದೆ ಅಥವಾ ಮುಳುಗುತ್ತದೆ. ನನ್ನ ಕಾಲೇಜಿನ ಫೀ ಕೂಡ ಅದೇ ಪುಸ್ತಕದಿಂದ ಹೋಗುತ್ತದೆ.

ಮೊದಲಿಗೆ ಈ ಬಿಲ್ ಏನೆಂದು ಹೇಳಿಬಿಡುತ್ತೇನೆ. 50 ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ತೆರಿಗೆ ಬೀಳುವ ಮಾಲು ರಸ್ತೆಗೆ ಇಳಿಯುವ ಮೊದಲು ಅದರ ವಿವರ ಜಿಎಸ್‌ಟಿ ವ್ಯವಸ್ಥೆಯಲ್ಲಿ ದಾಖಲಾಗಬೇಕು. ಆ ದಾಖಲೆಯೇ ಇ-ವೇ ಬಿಲ್. ಅದರಲ್ಲಿ ಎರಡು ಭಾಗ. ಯಾರಿಂದ ಯಾರಿಗೆ, ಏನು, ಎಷ್ಟು ಎಂಬುದು ಮೊದಲ ಭಾಗ. ಯಾವ ಲಾರಿಯಲ್ಲಿ ಎಂಬುದು ಎರಡನೆಯದು. 200 ಕಿ.ಮೀ.ಗೆ ಒಂದು ದಿನದಂತೆ ಅದಕ್ಕೆ ಅವಧಿ ಸಿಗುತ್ತದೆ. ಶಹಾಪುರದ ಹತ್ತಿ ಬೇಲು ಕೊಯಮತ್ತೂರಿನ ನೂಲಿನ ಗಿರಣಿಗೆ ಹೊರಟರೆ ದಾರಿ 800 ಕಿ.ಮೀ. ದಾಟುತ್ತದೆ, ಐದು ದಿನ ಸಿಗುತ್ತದೆ. ನಡುವೆ ಲಾರಿ ಕೆಟ್ಟರೆ ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಅದಕ್ಕೂ ಸರ್ಕಾರದ ಶುಲ್ಕ ಇಲ್ಲ.

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಒಂದು ಕಾಲಕ್ಕೆ ಮಾಲು ಸಾಗಿಸಲು ಡೆಲಿವರಿ ನೋಟ್ ಬೇಕಿತ್ತು, ಅದಕ್ಕಾಗಿ ವ್ಯಾಪಾರಿಗಳು ವಾಣಿಜ್ಯ ತೆರಿಗೆ ಕಚೇರಿಗೆ ಓಡಾಡಬೇಕಿತ್ತು. ವ್ಯಾಟ್ ಕಾಲದಲ್ಲೇ ನಮ್ಮ ರಾಜ್ಯ 'ಇ-ಸುಗಮ' ಎಂಬ ಆನ್‌ಲೈನ್ ವ್ಯವಸ್ಥೆ ತಂದು ಆ ಓಡಾಟ ತಪ್ಪಿಸಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇ-ವೇ ಬಿಲ್ ಪ್ರಯೋಗಕ್ಕೆ ಇಳಿದ ಮೊದಲ ರಾಜ್ಯ ನಮ್ಮದೇ. 2018ರ ಏಪ್ರಿಲ್ 1ರಂದು ಅದು ದೇಶದಾದ್ಯಂತ ಅಂತರರಾಜ್ಯ ಸಾಗಣೆಗೆ ಕಡ್ಡಾಯವಾದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಜಾರಿಗೆ ತಂದದ್ದು ಕರ್ನಾಟಕ. ಉದ್ದೇಶ ಸರಿಯಾಗಿಯೇ ಇತ್ತು: ಕಾಗದ ಹೋಗಲಿ, ಕಾಯುವುದು ತಪ್ಪಲಿ, ಕಚೇರಿಯ ಕಿಟಕಿಯ ಮುಂದೆ ಕೈ ಬಿಸಿ ಮಾಡುವುದು ನಿಲ್ಲಲಿ. ಕಚೇರಿಯ ಕಿಟಕಿ ಮುಚ್ಚಿದ್ದು ನಿಜ. ಪಕ್ಕದ ಬೀದಿಯಲ್ಲಿ ಇನ್ನೊಂದು ಕಿಟಕಿ ತೆರೆದುಕೊಂಡಿತು.

ಆ ಕಿಟಕಿ ನಡೆಯುವುದು ಮುಖ್ಯವಾಗಿ ನಮಗೆ ನಿಯಮ ಗೊತ್ತಿಲ್ಲ ಎಂಬ ಆಧಾರದ ಮೇಲೆ. ಕೆಲವನ್ನು ಇಲ್ಲಿ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಲಾರಿ, ಟೆಂಪೊ ಅಥವಾ ಹೊಲ ಇದ್ದರೆ ಉಪಯೋಗಕ್ಕೆ ಬರಬಹುದು. ಇ-ವೇ ಬಿಲ್ಲಿನ ಪ್ರಿಂಟ್ ಕಡ್ಡಾಯವಲ್ಲ, ಚಾಲಕನ ಮೊಬೈಲಿನಲ್ಲಿ ಆ ಸಂಖ್ಯೆ ಇದ್ದರೆ ಸಾಕು. ಆದರೂ ಮೂರು ಪ್ರತಿ ಪ್ರಿಂಟ್ ತೆಗೆದು ಅದಕ್ಕೆ ಬೇರೆ ಹಣ ತೆಗೆದುಕೊಳ್ಳುತ್ತಾರೆ. ಬಿಲ್ ಮಾಡುವ ಮೊದಲ ಹೊಣೆ ಮಾಲು ಸಾಗಲು ಕಾರಣನಾದ ನೋಂದಾಯಿತ ವ್ಯಾಪಾರಿಯದು. ಅವನು ಮಾಡದೆ ಮಾಲನ್ನು ಟ್ರಾನ್ಸ್‌ಪೋರ್ಟರ್ ಕೈಗೆ ಒಪ್ಪಿಸಿದರೆ ಟ್ರಾನ್ಸ್‌ಪೋರ್ಟರ್ ಮಾಡಬೇಕು. ಸ್ಟೇರಿಂಗ್ ಹಿಡಿದವನ ಹೆಸರು ಈ ಪಟ್ಟಿಯಲ್ಲಿ ಇಲ್ಲ. ರೈತ ತನ್ನ ಹತ್ತಿಯನ್ನು ಜಿನ್ನಿಂಗ್ ಮಿಲ್ಲಿಗೆ ಮಾರಿದಾಗ ತೆರಿಗೆ ಕಟ್ಟಬೇಕಾದವನು ಕೊಳ್ಳುವ ನೋಂದಾಯಿತ ವ್ಯಾಪಾರಿ, ಬಿಲ್ಲಿನ ಹೊಣೆಯೂ ಅವನದೇ. ಲೇಬಲ್ ಹಚ್ಚಿ ಪ್ಯಾಕ್ ಮಾಡದ ಭತ್ತ, ತೊಗರಿಕಾಳು ವಿನಾಯಿತಿ ಪಟ್ಟಿಯಲ್ಲಿವೆ, ಅವಕ್ಕೆ ಈ ಬಿಲ್ಲೇ ಬೇಕಿಲ್ಲ. ಎತ್ತಿನ ಬಂಡಿಯಲ್ಲಿ ಸಾಗುವ ಯಾವ ಮಾಲಿಗೂ ಬೇಕಿಲ್ಲ, ಮೋಟಾರು ಇಲ್ಲದ ವಾಹನಗಳಿಗೆ ನಿಯಮದಲ್ಲೇ ವಿನಾಯಿತಿ ಇದೆ.

ಇಷ್ಟೆಲ್ಲ ಬರೆದಿದ್ದರೂ ಖರ್ಚು ಕೊನೆಗೆ ಬಂದು ಬೀಳುವುದು ಕೇಳುವ ಧೈರ್ಯ ಇಲ್ಲದವನ ತಲೆಯ ಮೇಲೆ. ಅಪ್ಪನಿಗೆ ಲೋಡ್ ಕೊಡುವ ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಡಿಗೆಯಲ್ಲಿ ಕಮಿಷನ್ ಹಿಡಿಯುತ್ತಾರೆ, ಅದು ವ್ಯವಹಾರ. ಆಮೇಲೆ 'ಬಿಲ್ಟಿ ಚಾರ್ಜ್' ಎಂದು ಹಿಡಿಯುತ್ತಾರೆ. ಆಮೇಲೆ 'ಇ-ವೇ ಖರ್ಚು'. ಸರಕು ರಸೀದಿ ಕೊಡುವುದು 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಗಣೆದಾರನ ಕರ್ತವ್ಯ. ಕರ್ತವ್ಯ ಮಾಡಿದ್ದಕ್ಕೆ ಬೇರೆಯವನ ಜೇಬಿನಿಂದ ಹಣ ತೆಗೆಯುವುದು ಯಾವ ನ್ಯಾಯ? ಈ ಮಾತು ಅಪ್ಪನಿಗೆ ಹೇಳಿದರೆ ಅವರು ನಗುತ್ತಾರೆ. 'ನೀ ಹೇಳೋದು ಖರೆ ಐತಿ ತಮ್ಮಾ. ಆದ್ರ ನಾ ಕೇಳಿದ್ರ ಮುಂದಿನ ಲೋಡ್ ಯಾರು ಕೊಡ್ತಾರ?' ಈ ಪ್ರಶ್ನೆಗೆ ನನ್ನ ಸಿಲೆಬಸ್‌ನಲ್ಲಿ ಉತ್ತರ ಇಲ್ಲ.

ಕಳೆದ ವರ್ಷದ ಹತ್ತಿ ಸೀಜನ್ನಿನಲ್ಲಿ ಒಂದು ಘಟನೆ ನಡೆಯಿತು. ನಮ್ಮ ಲಾರಿಯ ನೋಂದಣಿ ಯಾದಗಿರಿಯದು, ಕೆಎ 33. ಬಿಲ್ ಹೊಡೆದ ಅಂಗಡಿಯವನು ಕೆಎ 32 ಎಂದು ಹೊಡೆದಿದ್ದ. ಅದು ಕಲಬುರಗಿಯ ಸಂಖ್ಯೆ, ಅವನ ಕೈಗೆ ರೂಢಿಯಾದದ್ದು. ದಾರಿಯಲ್ಲಿ ತಪಾಸಣೆಗೆ ಲಾರಿ ನಿಲ್ಲಿಸಿದಾಗ ತಪ್ಪು ಸಿಕ್ಕಿತು. 2018ರ ಸೆಪ್ಟೆಂಬರ್ 14ರ ಒಂದು ಸುತ್ತೋಲೆ ಪ್ರಕಾರ ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ ಅದು ಸಣ್ಣ ತಪ್ಪು. ಕೇಂದ್ರ ಜಿಎಸ್‌ಟಿ ಅಡಿ 500, ರಾಜ್ಯ ಜಿಎಸ್‌ಟಿ ಅಡಿ 500, ಒಟ್ಟು ಸಾವಿರ ರೂಪಾಯಿ ದಂಡ. ಅಧಿಕಾರಿ ಅಷ್ಟನ್ನೇ ಹಾಕಿದರು, ಅವರದು ತಪ್ಪಿಲ್ಲ. ಆದರೆ ಅರ್ಧ ದಿನ ಹೋಯಿತು, ಸಾವಿರ ರೂಪಾಯಿ ಅಪ್ಪನ ಭತ್ಯೆಯಿಂದ ಹೋಯಿತು. ವಾಪಸ್ ಬಂದು ಕೇಳಿದಾಗ ಅಂಗಡಿಯವನು ಹೇಳಿದ್ದು, 'ನಾ ಏನ್ ಮಾಡ್ಲಿ ಯಜಮಾನ್ರ, ನೀವು ಹೇಳಿದ ನಂಬರೇ ಹೊಡ್ದೀನಿ'. ಅಪ್ಪ ಅವನಿಗೆ ಕೊಟ್ಟಿದ್ದ ನೂರು ರೂಪಾಯಿಗೆ ಸಾಕ್ಷಿ ಇರಲಿಲ್ಲ. ಯಾರು ಟೈಪ್ ಮಾಡಿದ್ದು ಎಂಬುದಕ್ಕೂ ಇರಲಿಲ್ಲ.

ಇದು ಸಣ್ಣ ತಪ್ಪಾದ್ದರಿಂದ ಸಾವಿರಕ್ಕೆ ಮುಗಿಯಿತು. ಬಿಲ್ಲೇ ಇಲ್ಲದಿದ್ದರೆ ಅಥವಾ ಅವಧಿ ಮುಗಿದ ಬಿಲ್ ಇದ್ದರೆ ಮಾಲು, ಲಾರಿ ಎರಡನ್ನೂ ತಡೆಹಿಡಿಯಬಹುದು. ಮಾಲಿನ ಒಡೆಯ ಮುಂದೆ ಬಂದರೆ ತೆರಿಗೆಯ ಎರಡು ಪಟ್ಟು ದಂಡ. ಒಂದು ಲೋಡ್ ಹತ್ತಿಯ ಬೆಲೆ 20 ಲಕ್ಷ ಎಂದುಕೊಳ್ಳಿ. ಶೇ 5ರಂತೆ ತೆರಿಗೆ ಒಂದು ಲಕ್ಷ, ದಂಡ ಎರಡು ಲಕ್ಷ. ಇಷ್ಟು ದೊಡ್ಡ ಭಯ ಒಂದು ಕಡೆ, ಐದು ನಿಮಿಷದ ಟೈಪಿಂಗ್ ಇನ್ನೊಂದು ಕಡೆ. ನೂರು ರೂಪಾಯಿಯ ನಿಜವಾದ ಬಂಡವಾಳ ಈ ಭಯ. ಕೆಲಸಕ್ಕೆ ಕೊಡುವ ಕೂಲಿ ಅದರಲ್ಲಿ ಸ್ವಲ್ಪ, ಹೆದರಿಕೆಗೆ ಕೊಡುವ ಕಾಣಿಕೆ ಜಾಸ್ತಿ.

ಹಾಗೆಂದು ಅಂಗಡಿಯವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕುಳಿತಿರುವವರು ಯಾರು? ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋಗಿ ವಾಪಸ್ ಬಂದವರು, ಡಿಪ್ಲೊಮಾ ಓದಿ ಪರೀಕ್ಷೆ ಬರೆಯುತ್ತಾ ಕಾಯುತ್ತಿರುವವರು, ನಮ್ಮ ನಿಮ್ಮ ಅಣ್ಣಂದಿರೇ. ಅಂಗಡಿ ಬಾಡಿಗೆ, ಕರೆಂಟ್ ಹೋದಾಗ ಇನ್ವರ್ಟರ್, ನೆಟ್, ಕಂಪ್ಯೂಟರ್ ಅವರ ಖರ್ಚು. ಮಧ್ಯರಾತ್ರಿ ಫೋನ್ ಮಾಡಿದರೆ ಎದ್ದು ಬಂದು ಬಿಲ್ ಹೊಡೆದುಕೊಡುವವರೂ ಇದ್ದಾರೆ. ಅಂಥ ಶ್ರಮಕ್ಕೆ ಬೆಲೆ ಇರಲೇಬೇಕು. ಪೋರ್ಟಲ್ ಫ್ರೀ ಎಂದ ಮಾತ್ರಕ್ಕೆ ಅದನ್ನು ಬಳಸುವ ಕೈಯ ಕೆಲಸವೂ ಫ್ರೀ ಆಗಬೇಕು ಎನ್ನುವುದು ತಪ್ಪು. ನನ್ನ ತಕರಾರು ಶುಲ್ಕದ ಮೇಲೆ ಅಲ್ಲ. ದರ ಹೇಳದ, ರಸೀದಿ ಕೊಡದ, ತಪ್ಪಿಗೆ ಹೊಣೆ ಹೊರದ, ಕಟ್ಟಬಾರದವನಿಂದ ಕಟ್ಟಿಸಿಕೊಳ್ಳುವ ಶುಲ್ಕದ ಮೇಲೆ.

ಐಆರ್‌ಸಿಟಿಸಿ ಉದಾಹರಣೆ ನೋಡಿ. ಆನ್‌ಲೈನ್ ಟಿಕೆಟ್ಟಿಗೆ ಅದೂ ಸೇವಾ ಶುಲ್ಕ ತೆಗೆದುಕೊಳ್ಳುತ್ತದೆ. ನೋಟು ರದ್ದತಿ ನಂತರ ಕೆಲವು ಕಾಲ ತೆಗೆದುಹಾಕಿದ್ದನ್ನು 2019ರ ಸೆಪ್ಟೆಂಬರ್ 1ರಿಂದ ಮತ್ತೆ ತಂದರು. ಎಸಿ ಅಲ್ಲದ ಟಿಕೆಟ್ಟಿಗೆ 15, ಎಸಿಗೆ 30 ರೂಪಾಯಿ ಮತ್ತು ತೆರಿಗೆ. ಯುಪಿಐನಲ್ಲಿ ಕಟ್ಟಿದರೆ 10 ಮತ್ತು 20. ನಮಗೆ ಇಷ್ಟವಿರಲಿ, ಇಲ್ಲದಿರಲಿ, ಆ ಮೊತ್ತ ಟಿಕೆಟ್ಟಿನ ಮೇಲೆ ಬರೆದಿರುತ್ತದೆ. ಬೇಡ ಎನ್ನುವವನು ಸ್ಟೇಷನ್ನಿನ ಕೌಂಟರಿಗೆ ಹೋಗಬಹುದು. ನಮ್ಮ ಬೀದಿಯ ಇ-ವೇ ಶುಲ್ಕಕ್ಕೆ ಬರಹವೂ ಇಲ್ಲ, ಬೇರೆ ಕೌಂಟರೂ ಇಲ್ಲ.

ಹಣಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಷ್ಟೋ ಸಣ್ಣ ವ್ಯಾಪಾರಿಗಳು ತಮ್ಮ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಅಂಗಡಿಯವನ ಕೈಗೆ ಕೊಟ್ಟುಬಿಟ್ಟಿದ್ದಾರೆ. ನಾನು ನೋಡಿದ ಒಂದು ಅಂಗಡಿಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹತ್ತಾರು ವ್ಯಾಪಾರಿಗಳ ಪಾಸ್‌ವರ್ಡ್ ಸಾಲಾಗಿ ಬರೆದಿತ್ತು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾಗಿ ನನಗೆ ಮೈ ಜುಮ್ಮೆಂದಿತು. ಆ ಹಾಳೆಯ ಫೋಟೊ ಒಂದನ್ನು ಯಾರಾದರೂ ತೆಗೆದರೆ, ಆ ವ್ಯಾಪಾರಿಗಳ ಹೆಸರಿನಲ್ಲಿ ಇಲ್ಲದ ಮಾಲು ಎಲ್ಲಿಂದ ಎಲ್ಲಿಗೆ ಬೇಕಾದರೂ 'ಸಾಗಬಹುದು'. ಇದನ್ನು ತಡೆಯಲೆಂದೇ 2025ರ ಏಪ್ರಿಲ್ 1ರಿಂದ ಎಲ್ಲ ಬಳಕೆದಾರರಿಗೂ ಲಾಗಿನ್ ಆಗಲು ಪಾಸ್‌ವರ್ಡ್ ಜೊತೆ ಒಟಿಪಿ ಕಡ್ಡಾಯ ಮಾಡಿದ್ದಾರೆ. ಈಗ ಏನಾಗುತ್ತಿದೆ? ಅಂಗಡಿಯಿಂದ ಫೋನ್ ಹೋಗುತ್ತದೆ, 'ಸಾಹುಕಾರ್ರ, ಒಟಿಪಿ ಬಂದದ ನೋಡ್ರಿ, ಹೇಳ್ರಿ'. ಅವರು ಹೇಳುತ್ತಾರೆ. ಬೀಗ ಹೊಸದು, ಕೀಲಿ ಮಾತ್ರ ಹಳೆಯ ಕೈಯಲ್ಲೇ ಇದೆ.

ಇದು ನಮ್ಮ ಮೂರು ತಾಲ್ಲೂಕುಗಳ ಕಥೆ ಮಾತ್ರ ಅಲ್ಲ. ಸಮುದ್ರದ ಮೇಲಿನ ಸಾಗಣೆಯಲ್ಲೂ ಇದೇ ಜಗಳ ನಡೆದಿದೆ. ಹಡಗಿನ ಮಾಲಿಗೆ 'ಬಿಲ್ ಆಫ್ ಲೇಡಿಂಗ್' ಎಂಬ ದಾಖಲೆ ಇರುತ್ತದೆ, ನಮ್ಮ ಬಿಲ್ಟಿಯ ದೊಡ್ಡಣ್ಣ ಎನ್ನಬಹುದು. ಹಡಗು ಕಂಪನಿಗಳು ಅದಕ್ಕೆ ಬಾಡಿಗೆಯ ಹೊರತಾಗಿ ದಾಖಲೆ ಶುಲ್ಕ ಹಿಡಿಯುತ್ತವೆ. 2023ರಲ್ಲಿ ಜಗತ್ತಿನ ದೊಡ್ಡ ಹಡಗು ಕಂಪನಿಗಳ ಒಂದು ಗುಂಪು 2030ರ ಹೊತ್ತಿಗೆ ಈ ದಾಖಲೆಯನ್ನು ಪೂರ್ತಿ ಎಲೆಕ್ಟ್ರಾನಿಕ್ ಮಾಡುವ ಮಾತು ಕೊಟ್ಟಿತು. ಅದೇ ವರ್ಷ ಬ್ರಿಟನ್ ಎಲೆಕ್ಟ್ರಾನಿಕ್ ವ್ಯಾಪಾರ ದಾಖಲೆಗಳಿಗೆ ಕಾಗದದಷ್ಟೇ ಮಾನ್ಯತೆ ಕೊಡುವ ಕಾಯ್ದೆ ತಂದಿತು. ನಮ್ಮ ಸಂಸತ್ತೂ 1856ರ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಿಲ್ ಆಫ್ ಲೇಡಿಂಗ್ ಕಾಯ್ದೆ ಮಾಡಿದೆ. ಆದರೆ ಕಾಗದವೇ ಇಲ್ಲದ ಮೇಲೆ ಕಾಗದದ ಕಾಲದ ಶುಲ್ಕ ಯಾಕೆ ಎಂಬ ಪ್ರಶ್ನೆ ಅಲ್ಲಿಯೂ ಇದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಕೇಳುವವರಿಗೆ ಸಂಘಗಳಿವೆ, ವಕೀಲರಿದ್ದಾರೆ, ಕೈಯಲ್ಲಿ ಇನ್‌ವಾಯ್ಸ್ ಇದೆ. ಶಹಾಪುರದ ಒಂಟಿ ಲಾರಿಯವನ ಬಳಿ ಲೆಕ್ಕದ ಪುಸ್ತಕದ ಒಂದು ಸಾಲು ಮಾತ್ರ ಇದೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಕಿಲ್ಲ. ಮೊದಲನೆಯದು, ಇ-ವೇ ಬಿಲ್ ಹೊಡೆಯುವ ಪ್ರತಿ ಅಂಗಡಿಯೂ 'ಸರ್ಕಾರದ ಶುಲ್ಕ ಇಲ್ಲ, ನಮ್ಮ ಸೇವೆಗೆ ಇಷ್ಟು' ಎಂದು ಕನ್ನಡದಲ್ಲಿ ಬೋರ್ಡ್ ಹಾಕಬೇಕು. ಎರಡನೆಯದು, ಕೊಟ್ಟ ಹಣಕ್ಕೆ ರಸೀದಿ, ಅದರಲ್ಲಿ ಬಿಲ್ ಸಂಖ್ಯೆ ಮತ್ತು ಟೈಪ್ ಮಾಡಿದವರ ಸಹಿ ಇರಬೇಕು. ಟೈಪ್ ಮಾಡಿದವರ ತಪ್ಪಿನಿಂದ ದಂಡ ಬಿದ್ದರೆ ಅದನ್ನು ಅವರೇ ಕಟ್ಟಬೇಕು. ಮೂರನೆಯದು, ಈ ಖರ್ಚು ಬಿಲ್ ಮಾಡಬೇಕಾದ ವ್ಯಾಪಾರಿ ಅಥವಾ ಟ್ರಾನ್ಸ್‌ಪೋರ್ಟರ್ ಲೆಕ್ಕಕ್ಕೆ ಹೋಗಬೇಕು, ಬಾಡಿಗೆಯಿಂದ ಅಥವಾ ರೈತನ ತೂಕದ ಚೀಟಿಯಿಂದ ಕಡಿಯಬಾರದು. ನಾಲ್ಕನೆಯದು, ಹತ್ತಿ ಸೀಜನ್ನಿನ ತಿಂಗಳುಗಳಲ್ಲಾದರೂ ಎಪಿಎಂಸಿ ಯಾರ್ಡ್‌ಗಳಲ್ಲಿ ಒಂದು ಸಹಾಯ ಟೇಬಲ್ ಇರಲಿ, ಒಂದು ಕಂಪ್ಯೂಟರ್, ನಿಯಮ ಬಲ್ಲ ಒಬ್ಬ ಮನುಷ್ಯ. ಬೇರೆ ಕೌಂಟರ್ ಒಂದು ಇದೆ ಎಂದು ಗೊತ್ತಾದ ದಿನವೇ ಬೀದಿಯ ದರ ತಾನಾಗಿ ಇಳಿಯುತ್ತದೆ.

ಐದನೆಯದು ನಮ್ಮ ಪಾಲಿನದು. ನಮ್ಮ ಭಾಗದಲ್ಲಿ ಕೆಲಸ ಇಲ್ಲ, ಬೆಂಗಳೂರು, ಪುಣೆ, ಹೈದರಾಬಾದ್‌ಗೇ ಹೋಗಬೇಕು ಎಂದು ನಾವು ದಿನಾ ಹೇಳುತ್ತೇವೆ. ಅದರಲ್ಲಿ ಬಹಳಷ್ಟು ನಿಜ. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ, ಹತ್ತಿ ಪ್ರತಿ ವರ್ಷ ಇಲ್ಲಿಂದ ಲಾರಿ ಲಾರಿ ಹೊರಗೆ ಹೋಗುತ್ತದೆ. ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ಮಾಲು ಬಂದು ಹೋಗುತ್ತದೆ. ಇನ್‌ವಾಯ್ಸ್, ಇ-ವೇ ಬಿಲ್, ಸರಕು ರಸೀದಿ, ತೂಕದ ಚೀಟಿ, ವಿಮೆ ಎಲ್ಲವನ್ನೂ ಸರಿಯಾಗಿ ನೋಡಿಕೊಂಡು, ನ್ಯಾಯವಾದ ದರಕ್ಕೆ, ಹೊಣೆ ಹೊತ್ತು ಮಾಡುವ ಕೆಲಸಕ್ಕೆ ಇಲ್ಲಿ ಜಾಗ ಇದೆ. ಬಿ.ಕಾಂ. ಓದಿದವರಿಗೆ ತೆರಿಗೆ ಗೊತ್ತು, ನಮಗೆ ಕಂಪ್ಯೂಟರ್ ಗೊತ್ತು. ಇಬ್ಬರು ಸೇರಿದರೆ ಒಂದು ಒಳ್ಳೆಯ ಅಂಗಡಿ ಆಗುತ್ತದೆ. ದೊಡ್ಡ ಸ್ಟಾರ್ಟಪ್ ಎಂದು ಹೆಸರಿಡುವುದು ಬೇಡ, ರಸೀದಿ ಕೊಡುವ ಅಂಗಡಿ ಎಂದರೆ ಸಾಕು.

ಅಂಗಡಿ ಹಾಕಲು ಆಗದವರು ಇನ್ನೊಂದು ಕೆಲಸ ಮಾಡಬಹುದು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ದಿನ ಲಾರಿ ನಿಲ್ದಾಣದಲ್ಲಿ ಕೂರಬಹುದು. ಇ-ವೇ ಬಿಲ್ ಸಂಖ್ಯೆ ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಹೇಗೆ, ತಮ್ಮ ಲಾರಿ ನಂಬರ್ ಸರಿ ಬಿದ್ದಿದೆಯೇ ಎಂದು ಹೊರಡುವ ಮೊದಲು ನೋಡುವುದು ಹೇಗೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ಓದುವುದು ಹೇಗೆ, ಈ ಮೂರು ವಿಷಯ ಚಾಲಕರಿಗೆ ಕಲಿಸಲು ಅರ್ಧ ಗಂಟೆ ಸಾಕು. ನಾನು ಪೋರ್ಟಲ್‌ನಲ್ಲಿ ನೋಡಿದ ಪರದೆಗಳೆಲ್ಲ ಇಂಗ್ಲಿಷಿನಲ್ಲಿವೆ. ಅದರ ಪ್ರತಿ ಪದಕ್ಕೂ ಕನ್ನಡದಲ್ಲಿ ಅರ್ಥ ಬರೆದ ಒಂದು ಹಾಳೆ ಮಾಡಿ ಗಂಜ್‌ನ ಗೋಡೆಗೆ ಅಂಟಿಸಬಹುದು. ಪಾಸ್‌ವರ್ಡ್ ಹಾಳೆ ಅಂಟಿಸಲು ಗೋಡೆ ಇದೆ ಎಂದ ಮೇಲೆ ಇದಕ್ಕೂ ಇದ್ದೇ ಇರುತ್ತದೆ.

ಡಿಜಿಟಲ್ ಆಯಿತು ಎಂದರೆ ಖರ್ಚು ಹೋಯಿತು ಎಂದು ನಮಗೆ ಹೇಳಿಕೊಡುತ್ತಾರೆ. ನಿಜವಾಗಿ ಆದದ್ದು ಏನೆಂದರೆ, ಖರ್ಚು ಜಾಗ ಬದಲಿಸಿತು. ಓದು ಬಲ್ಲವನಿಂದ ಓದು ಬಾರದವನ ಕಡೆಗೆ ಸರಿಯಿತು. ಅದನ್ನು ಮತ್ತೆ ಸರಿಯಾದ ಜಾಗಕ್ಕೆ ತರಬೇಕಾದರೆ ಓದಿದವರು ಒಂದು ಪ್ರಶ್ನೆ ಕೇಳಲು ಶುರು ಮಾಡಬೇಕು. ಮುಂದಿನ ಸಲ ನಿಮ್ಮ ಅಪ್ಪ, ಕಾಕಾ, ಅಣ್ಣ ಯಾರೇ ಬಿಲ್ ಹೊಡೆಸಲು ಹೊರಟಾಗ ಜೊತೆಗೆ ಹೋಗಿ. ಜಗಳ ಬೇಡ, ಗಟ್ಟಿ ದನಿ ಬೇಡ. 'ಅಣ್ಣಾ, ಇದಕ್ಕ ರಸೀದಿ ಕೊಡ್ರಿ' ಎಂದಷ್ಟೇ ಕೇಳಿ.